ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು? ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡಕ್ಕೆ ನಾಯಕ ಯಾರಿದ್ದರು?

ಬೆಳಗಿನ ಐದೂವರೆ (ಶುಕ್ರವಾರ, ರಾತ್ರಿ 9:12)

2014ರ ಜೂನ್ 16, ಸೋಮವಾರ. ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಫೈನಲ್ ಸರಣಿಯ ಐದನೇ ಪಂದ್ಯ ನಮ್ಮ ಹೊತ್ತಿಗೆ ಬೆಳಗಿನ ಐದೂವರೆಗೆ. ಮಯಾಮಿ ಹೀಟ್ ವಿರುದ್ಧ ಸ್ಯಾನ್ ಆಂಟೋನಿಯೊ ಸ್ಪರ್ಸ್ ಶುರುವಿನಲ್ಲೇ 22–6ರಿಂದ ಹಿಂದೆ ಬಿದ್ದಿತ್ತು. ಅಷ್ಟರಲ್ಲಿ ಅಪ್ಪ ಕಾಫಿ ಲೋಟ ಹಿಡಿದು ಬಂದು ಪಕ್ಕದಲ್ಲಿ ಕುಳಿತರು. ಜೀವಮಾನವಿಡೀ ಕ್ರಿಕೆಟ್ ನೋಡಿದವರು. ಎರಡು ನಿಮಿಷ ನೋಡಿ ಕೇಳಿದರು: "ಇದರಲ್ಲಿ ಕ್ಯಾಪ್ಟನ್ ಯಾರು?"

ಬಾಯಿ ತೆರೆದೆ, ಹೆಸರು ಬರಲಿಲ್ಲ. ಟಿಮ್ ಡಂಕನ್ ಎನ್ನೋಣವೆಂದರೆ ಮುಖದಲ್ಲಿ ಒಂದು ಗೆರೆಯೂ ಅಲುಗದ ಮನುಷ್ಯ. ಚೆಂಡು ನಡೆಸುವುದು ಟೋನಿ ಪಾರ್ಕರ್. ಬೆಂಚಿನಿಂದ ಎದ್ದು ಬಂದು ಕ್ರಿಸ್ ಬಾಶ್ ತಲೆಯ ಮೇಲಿಂದ ಚೆಂಡನ್ನು ಬುಟ್ಟಿಗೆ ಅಪ್ಪಳಿಸಿ ಇಡೀ ಕ್ರೀಡಾಂಗಣವನ್ನು ಎಬ್ಬಿಸಿ ನಿಲ್ಲಿಸಿದ್ದು ಮನು ಜಿನೋಬಿಲಿ. ಸರಣಿಶ್ರೇಷ್ಠ ಪ್ರಶಸ್ತಿ ಹೋದದ್ದು 22 ವರ್ಷದ ಕವಾಯ್ ಲೆನರ್ಡ್‌ಗೆ. ಪಂದ್ಯ 104–87, ಸರಣಿ 4–1. ಅಪ್ಪನಿಗೆ ಮಾತ್ರ ಇಂದಿಗೂ ಉತ್ತರ ಕೊಟ್ಟಿಲ್ಲ.

ಆಟಗಾರರೇ ನಾಯಕತ್ವವನ್ನು ಹಂಚಿಕೊಂಡ ತಂಡ ಅದು ಎಂದು ಎಲ್ಲರೂ ಹೇಳುತ್ತಾರೆ. ಹಂಚಿಕೊಳ್ಳುವುದು ಎಂದರೆ ಅಂಕಣದ ಮೇಲೆ ನಿಜವಾಗಿ ಏನು? ಅಥವಾ ಗೆದ್ದ ಮೇಲೆ ಕಟ್ಟಿದ ಕತೆಯೋ?

ಸಂಶಯಪ್ರಾಣಿ (ಶುಕ್ರವಾರ, ರಾತ್ರಿ 9:40)

ಕಟ್ಟಿದ ಕತೆ. ಆ ತಂಡಕ್ಕೆ ಒಬ್ಬರೇ ನಾಯಕರು, ಅವರ ಹೆಸರು ಗ್ರೆಗ್ ಪೊಪೊವಿಚ್. 1996ರ ಡಿಸೆಂಬರಿನಲ್ಲಿ ಕೋಚ್ ಆಗಿ ಬಂದು ಕುಳಿತವರು 2025ರವರೆಗೆ ಏಳಲಿಲ್ಲ. ಐದು ಪ್ರಶಸ್ತಿಗಳೂ ಅವರ ಕಾಲದವೇ. ಮೇಲೆ ಅಂಥ ಯಜಮಾನರು ಕುಳಿತಿರುವಾಗ ಕೆಳಗಿನವರು "ನಾವು ಹಂಚಿಕೊಂಡಿದ್ದೇವೆ" ಎಂದರೆ ಅದು ಕೂಡುಕುಟುಂಬದ ಮಕ್ಕಳು ಆಸ್ತಿ ನಮ್ಮದು ಎಂದಂತೆ. ಪತ್ರ ಯಾರ ಹೆಸರಿನಲ್ಲಿದೆ ನೋಡಿ.

ನಿಜವಾಗಿ ಇಬ್ಬರು ಹಂಚಿಕೊಂಡಿದ್ದ ತಂಡ ಬೇಕೇ? ಶಕೀಲ್ ಓನೀಲ್, ಕೋಬಿ ಬ್ರಯಂಟ್ ಇದ್ದ ಲೇಕರ್ಸ್. 2000ದಿಂದ 2002ರವರೆಗೆ ಸತತ ಮೂರು ಸಲ ಗೆದ್ದರು. 2004ರಲ್ಲಿ ಒಬ್ಬರು ಮೂಟೆ ಕಟ್ಟಿ ಮಯಾಮಿಗೆ ಹೋದರು. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು ಸ್ವಾಮಿ?

ಮಲ್ಲೇಶ್ವರದ ಹಳೆಯ ಗಾರ್ಡ್ (ಶುಕ್ರವಾರ, ರಾತ್ರಿ 10:25)

ಸಂಶಯಪ್ರಾಣಿಯವರೇ, ನೀವು ಬೆಂಚಿನ ಕಡೆಯಿಂದ ನೋಡುತ್ತಿದ್ದೀರಿ. ನಾನು ಹದಿನೈದು ವರ್ಷ ಚೆಂಡು ನಡೆಸುವ ಪಾಯಿಂಟ್ ಗಾರ್ಡ್ ಆಗಿ ಆಡಿದವನು, ಈಗ ಮಕ್ಕಳಿಗೆ ಕಲಿಸುತ್ತೇನೆ. ಅಂಕಣದ ಒಳಗಿನಿಂದ ಕಾಣುವುದನ್ನು ಹೇಳುತ್ತೇನೆ.

ಮೊದಲು ಐದೂವರೆಯವರ ತಂದೆಯವರ ಪ್ರಶ್ನೆ. ಕ್ರಿಕೆಟ್ ನಾಯಕನ ಕೈಯಲ್ಲಿ ಟಾಸ್ ಇದೆ, ಫೀಲ್ಡ್ ಹೊಂದಿಸುವುದಿದೆ, ಯಾರಿಗೆ ಚೆಂಡು ಕೊಡಬೇಕು ಎಂಬುದಿದೆ. ಬ್ಯಾಸ್ಕೆಟ್‌ಬಾಲಿನಲ್ಲಿ ಇವೆಲ್ಲಕ್ಕೂ ಸಮನಾದ ಕೆಲಸ ಕೋಚ್‌ನದು. ನಾಯಕ ಎಂದು ಕಾಗದದಲ್ಲಿ ಇರುವವನಿಗೆ ರೆಫರಿಯೊಂದಿಗೆ ಮರ್ಯಾದೆಯಿಂದ ಮಾತನಾಡುವ ಹಕ್ಕು ಬಿಟ್ಟರೆ ಹೆಚ್ಚಿನದೇನೂ ಇಲ್ಲ. ಆದ್ದರಿಂದ ನಿಮಗೆ ಹೆಸರು ಬಾಯಿಗೆ ಬರದಿದ್ದದ್ದು ಸರಿಯೇ.

ಇನ್ನು ಯಜಮಾನರ ಮಾತು. ದಾಳಿ ಮಾಡುವ ತಂಡಕ್ಕೆ ಇರುವುದು 24 ಸೆಕೆಂಡು. ಹದಿನೆಂಟು ಸಾವಿರ ಜನ ಕಿರುಚುತ್ತಿರುವಾಗ ಕೋಚ್‌ನ ದನಿ ಆಚೆ ಬದಿಗೆ ತಲುಪುವುದೇ ಇಲ್ಲ. ಆಟ ನಿಲ್ಲುವುದಿಲ್ಲ, ಓವರ್ ಮುಗಿಯುವುದಿಲ್ಲ. ಯಾರಾದರೂ ಒಳಗಿದ್ದವರೇ ಹೇಳಬೇಕು. ಯಾರು ಹೇಳಬೇಕು ಎಂಬುದನ್ನು ಹಿರಿತನ ತೀರ್ಮಾನಿಸುವುದಿಲ್ಲ, ನಿಂತ ಜಾಗ ತೀರ್ಮಾನಿಸುತ್ತದೆ. ರಕ್ಷಣೆಯಲ್ಲಿ ಚೆಂಡಿನ ಎದುರು ನಿಂತವನಿಗೆ ತನ್ನ ಬೆನ್ನು ಕಾಣುವುದಿಲ್ಲ. ಎಡಗಡೆಯಿಂದ ಎದುರಾಳಿ ಬಂದು ಗೋಡೆಯಂತೆ ಅಡ್ಡ ನಿಲ್ಲುತ್ತಾನೆ. "ಎಡಕ್ಕೆ ಸ್ಕ್ರೀನ್" ಎಂದು ಹಿಂದಿನವನು ಕೂಗದಿದ್ದರೆ ಎದೆಗೆ ಪೆಟ್ಟು ಬಿದ್ದ ಮೇಲೆಯೇ ಗೊತ್ತಾಗುವುದು. ಬುಟ್ಟಿಯ ಬಳಿ ನಿಂತ ಎತ್ತರದವನಿಗೆ ಮಾತ್ರ ಅಂಕಣವಿಡೀ ಕಾಣುತ್ತದೆ. ಹಾಗಾಗಿ ರಕ್ಷಣೆಯ ನಾಯಕ ಅವನು. ಚೆಂಡು ನಮ್ಮ ಕೈಗೆ ಬಂದ ಕ್ಷಣ ಆ ಅಧಿಕಾರ ಗಾರ್ಡ್‌ಗೆ ದಾಟುತ್ತದೆ. ಒಂದು ನಿಮಿಷದಲ್ಲಿ ನಾಲ್ಕು ಸಲ ನಾಯಕ ಬದಲಾಗುತ್ತಾನೆ, ಯಾರೂ ಹಾರ ಹಾಕುವುದಿಲ್ಲ.

ಡಂಕನ್ ಮಾತೇ ಆಡುವುದಿಲ್ಲ ಎನ್ನುವುದು ಪತ್ರಕರ್ತರ ದೂರು. ರಕ್ಷಣೆಯಲ್ಲಿ ಹತ್ತೊಂಬತ್ತು ವರ್ಷ ಬುಟ್ಟಿ ಕಾದವರು ಬಾಯಿ ಮುಚ್ಚಿಕೊಂಡು ಕಾದಿರಲು ಸಾಧ್ಯವಿಲ್ಲ.

ಅಂಕಿಲೆಕ್ಕ (ಶುಕ್ರವಾರ, ರಾತ್ರಿ 10:51)

ಗಾರ್ಡ್ ಅವರ ಮಾತಿಗೆ ಲೆಕ್ಕದ ಬೆಂಬಲ ಇದೆ. 2013–14ರಲ್ಲಿ ಸ್ಪರ್ಸ್ 62 ಪಂದ್ಯ ಗೆದ್ದು ಲೀಗಿನಲ್ಲೇ ಮೊದಲು ನಿಂತಿತು. ಆ ಋತುವಿನಲ್ಲಿ ಅವರ ಒಬ್ಬನೇ ಒಬ್ಬ ಆಟಗಾರ ಪಂದ್ಯಕ್ಕೆ ಸರಾಸರಿ 30 ನಿಮಿಷ ಆಡಲಿಲ್ಲ. ಎನ್‌ಬಿಎ ಇತಿಹಾಸದಲ್ಲಿ ಅದಕ್ಕೆ ಮೊದಲು ಯಾವ ತಂಡವೂ ಹಾಗೆ ಆಡಿರಲಿಲ್ಲ. ಅತಿ ಹೆಚ್ಚು ಅಂಕ ಗಳಿಸಿದ ಪಾರ್ಕರ್ ಸರಾಸರಿ 16.7. ಬೇರೆ ತಂಡಗಳಲ್ಲಿ ಅಷ್ಟು ಗಳಿಸುವವನನ್ನು ಎರಡನೇ ಸಾಲಿನ ತಾರೆ ಎನ್ನುತ್ತಾರೆ.

ಫೈನಲ್‌ನ ಮೂರನೇ ಪಂದ್ಯದ ಮೊದಲರ್ಧದಲ್ಲಿ ಅವರು 33 ಎಸೆತಗಳಲ್ಲಿ 25ನ್ನು ಬುಟ್ಟಿಗೆ ಹಾಕಿದರು. ಶೇಕಡಾ 75.8, ಫೈನಲ್‌ಗಳಲ್ಲಿ ದಾಖಲೆ. ಚೆಂಡು ಒಬ್ಬನ ಕೈಯಲ್ಲಿ ಅಂಟಿಕೊಂಡಿದ್ದರೆ ಆ ಅಂಕಿ ಬರುವುದಿಲ್ಲ. ಒಳ್ಳೆಯ ಎಸೆತವನ್ನು ಬಿಟ್ಟು ಇನ್ನೂ ಒಳ್ಳೆಯ ಎಸೆತಕ್ಕೆ ಪಾಸ್ ಕೊಡುತ್ತಿದ್ದರು. ಆ ಪಂದ್ಯದಿಂದ ಮೊದಲ ಐವರಲ್ಲಿ ಬಂದ ಬೋರಿಸ್ ಡಿಯಾವ್ ಅಂಕ ಹೆಚ್ಚು ಗಳಿಸಿದವರಲ್ಲ. ಆದರೆ ಅವರ ಕೈಗೆ ಬಂದ ಚೆಂಡು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತಿತ್ತು.

ಸಂಶಯಪ್ರಾಣಿ (ಶುಕ್ರವಾರ, ರಾತ್ರಿ 11:03)

ನಿಮಿಷ ಹಂಚಿದವರು ಯಾರು? ಕೋಚ್. 2012ರ ನವೆಂಬರಿನಲ್ಲಿ ಮಯಾಮಿ ಪಂದ್ಯಕ್ಕೆ ಮೊದಲು ಡಂಕನ್, ಪಾರ್ಕರ್, ಜಿನೋಬಿಲಿ ಮೂವರನ್ನೂ ವಿಶ್ರಾಂತಿಗೆಂದು ಮನೆಗೆ ಕಳುಹಿಸಿದವರು ಯಾರು? ಅದಕ್ಕೆ ಲೀಗ್ ಹಾಕಿದ ಎರಡೂವರೆ ಲಕ್ಷ ಡಾಲರ್ ದಂಡ ಬಿದ್ದದ್ದು ಆಟಗಾರರ ಜೇಬಿಗಂತೂ ಅಲ್ಲ. ಲೆಕ್ಕ ನನ್ನ ಕಡೆಗೇ ವಾಲುತ್ತಿದೆ.

ಡಾಲಸ್ ಕನ್ನಡತಿ (ಶನಿವಾರ, ಬೆಳಗ್ಗೆ 7:30)

ನಾನು ಸ್ಪರ್ಸ್‌ನ ಎದುರಾಳಿ ಮ್ಯಾವರಿಕ್ಸ್ ತಂಡದ ಊರಿನವಳು. ಸ್ಪರ್ಸ್ ಹೊಗಳುವುದೆಂದರೆ ನಮಗೆ ಬೇವಿನಸೊಪ್ಪು ತಿಂದಂತೆ. ಆದರೂ ನಾಲ್ಕೂವರೆ ಗಂಟೆ ಕಾರು ಓಡಿಸಿಕೊಂಡು ಹೋಗಿ ಅಲ್ಲಿ ಮೂರು ಪಂದ್ಯ ನೋಡಿದ್ದೇನೆ. ದೂರದರ್ಶನದಲ್ಲಿ ಕಾಣದ ಒಂದು ಸಂಗತಿ ಹೇಳುತ್ತೇನೆ.

ಟೈಮ್‌ಔಟ್ (ಆಟದ ನಡುವಿನ ಸಣ್ಣ ವಿರಾಮ) ಆದಾಗ ಟಿವಿಯಲ್ಲಿ ಜಾಹೀರಾತು ಬರುತ್ತದೆ. ಅಂಕಣದಲ್ಲಿ ಆಗುವುದೇನೆಂದರೆ, ಕೋಚ್‌ಗಳು ಮೊದಲು ತಾವೇ ಒಂದು ಗುಂಪಾಗಿ ಆಚೆ ನಿಂತು ಮಾತನಾಡಿಕೊಳ್ಳುತ್ತಾರೆ. ಎನ್‌ಬಿಎಯ ಬಹುಪಾಲು ತಂಡಗಳಲ್ಲಿ ಇದು ರೂಢಿ. ಆ ಇಪ್ಪತ್ತು ಮೂವತ್ತು ಸೆಕೆಂಡು ಆಟಗಾರರು ತಮ್ಮತಮ್ಮಲ್ಲೇ ಇರುತ್ತಾರೆ. ಕೆಲವು ತಂಡಗಳಲ್ಲಿ ಎಲ್ಲರೂ ನೀರಿನ ಬಾಟಲಿ ನೋಡುತ್ತಾ ಕುಳಿತಿರುತ್ತಾರೆ. ಸ್ಪರ್ಸ್ ಬೆಂಚಿನಲ್ಲಿ ಆ ಹೊತ್ತು ಸಂತೆ. ಪಾರ್ಕರ್ ಕೈಯಾಡಿಸಿ ಏನೋ ವಿವರಿಸುತ್ತಿದ್ದರು, ಡಂಕನ್ ಒಬ್ಬ ಕಿರಿಯನ ಭುಜದ ಮೇಲೆ ಕೈಯಿಟ್ಟು ಕಿವಿಯಲ್ಲಿ ಹೇಳುತ್ತಿದ್ದರು. ಕೆಲವೊಮ್ಮೆ ಪೊಪೊವಿಚ್ ಬಂದು "ನನ್ನ ಬಳಿ ಹೇಳಲು ಏನೂ ಇಲ್ಲ, ನೀವೇ ಸರಿಮಾಡಿಕೊಳ್ಳಿ" ಎಂಬ ಧಾಟಿಯಲ್ಲಿ ಎರಡು ಮಾತು ಒಗೆದು ಹೋಗಿಬಿಡುತ್ತಿದ್ದರು ಎನ್ನುವುದನ್ನು ಅವರೇ ಒಪ್ಪಿಕೊಂಡಿದ್ದಾರೆ.

ಸಂಶಯಪ್ರಾಣಿಯವರು ಹೇಳುವ ಆಸ್ತಿಪತ್ರ ಯಜಮಾನರ ಹೆಸರಿನಲ್ಲೇ ಇರಲಿ. ಅದು ನಡೆದದ್ದು ಡಂಕನ್ ತಲೆತಗ್ಗಿಸಿದ್ದರಿಂದ. ಪೊಪೊವಿಚ್ ಎಲ್ಲರೆದುರು ಗಟ್ಟಿಯಾಗಿ ಬೈಯುತ್ತಿದ್ದದ್ದು ಡಂಕನ್ ಅವರನ್ನೇ. 1997ರಲ್ಲಿ ಲೀಗಿನ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ, ಲೀಗಿನ ಶ್ರೇಷ್ಠ ಆಟಗಾರ, ಸುಮ್ಮನೆ ಕೇಳಿಸಿಕೊಂಡು ಕುಳಿತಿದ್ದರೆ ಹತ್ತನೇ ಆಟಗಾರ ಯಾವ ಮುಖ ಇಟ್ಟುಕೊಂಡು ಮುನಿಸಿಕೊಳ್ಳುತ್ತಾನೆ? ಎಲ್ಲರಿಗಿಂತ ಹೆಚ್ಚು ಹಕ್ಕು ಇದ್ದವರು ಅದನ್ನು ಚಲಾಯಿಸಲಿಲ್ಲ. ಉಳಿದವರಿಗೆ ಸಿಕ್ಕಿದ್ದು ಆ ಬಿಟ್ಟುಕೊಟ್ಟ ಜಾಗ.

ಇನ್ನೊಂದು ಸ್ವಾರಸ್ಯ. 2004ರ ಅಥೆನ್ಸ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಅಮೆರಿಕವನ್ನು 89–81ರಿಂದ ಸೋಲಿಸಿತು. ಜಿನೋಬಿಲಿ 29 ಅಂಕ. ಸೋತ ತಂಡದಲ್ಲಿ ಡಂಕನ್ ಆಡುತ್ತಿದ್ದರು, ಪೊಪೊವಿಚ್ ಸಹಾಯಕ ಕೋಚ್. ಕೆಲವೇ ವಾರಗಳಲ್ಲಿ ಮೂವರೂ ಮತ್ತೆ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ. ಕೊರಳಲ್ಲಿ ಒಲಿಂಪಿಕ್ ಚಿನ್ನ ಹಾಕಿಕೊಂಡು ಬಂದ ಮನುಷ್ಯನಿಗೆ ಮುಂದೆ "ನೀನು ಮೊದಲ ಐವರಲ್ಲಿ ಬೇಡ, ಬೆಂಚಿನಿಂದ ಬಾ" ಎಂದರು. ಬಂದರು. 2008ರಲ್ಲಿ ಬೆಂಚಿನಿಂದ ಬರುವವರಿಗೆ ಕೊಡುವ ಅತ್ಯುತ್ತಮ ಆರನೆಯ ಆಟಗಾರ ಪ್ರಶಸ್ತಿಯನ್ನೂ ಪಡೆದರು.

ಯಕ್ಷಪ್ರಿಯ, ಕುಂದಾಪುರ (ಶನಿವಾರ, ಬೆಳಗ್ಗೆ 8:15)

ಬ್ಯಾಸ್ಕೆಟ್‌ಬಾಲ್ ನನಗೆ ಅಷ್ಟಕ್ಕಷ್ಟೆ. ಆದರೆ ಕನ್ನಡತಿ ಮೇಡಂ ಬರೆದದ್ದು ಓದಿ ನಮ್ಮ ಮೇಳ ನೆನಪಾಯಿತು. ಭಾಗವತರನ್ನು ಒಂದನೇ ವೇಷ ಎನ್ನುತ್ತೇವೆ. ಪದ್ಯ, ತಾಳ, ಪ್ರಸಂಗದ ನಡೆ ಎಲ್ಲ ಅವರ ಕೈಯಲ್ಲಿ. ಪದ್ಯ ಮುಗಿದ ಮೇಲೆ ಅರ್ಥ ಹೇಳುವವನು ಮಾತ್ರ ವೇಷಧಾರಿ, ಅದನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ. ಎದುರಿನವನು ಒಂದು ಮಾತು ಎಸೆದರೆ ಇವನು ಅಲ್ಲೇ ಉತ್ತರ ಕಟ್ಟಬೇಕು. ಭಾಗವತರು ಸುಮ್ಮನಿದ್ದು ಕೇಳುತ್ತಾರೆ, ತುಂಬಾ ಎಳೆದರೆ ಮುಂದಿನ ಪದ್ಯ ಎತ್ತಿಬಿಡುತ್ತಾರೆ. ನಿಮ್ಮ ಪೊಪೊವಿಚ್ ಹಾಗೆಯೇ ಕಾಣುತ್ತಾರೆ.

ಸಂಶಯಪ್ರಾಣಿ (ಶನಿವಾರ, ಬೆಳಗ್ಗೆ 9:02)

ಯಕ್ಷಪ್ರಿಯರ ಹೋಲಿಕೆ ನನಗೆ ಹಿಡಿಸಿತು. ಸೋಲುವುದು ಬೇಡವೆಂದು ಒಪ್ಪಿಕೊಳ್ಳುತ್ತಿಲ್ಲ, ಅಷ್ಟೆ.

ಈಗ ಕಹಿ ಭಾಗಕ್ಕೆ ಬರೋಣ. ಒಂದು, ದುಡ್ಡು. 2012ರಲ್ಲಿ ಡಂಕನ್ ಸಂಬಳ ಸುಮಾರು 2.1 ಕೋಟಿ ಡಾಲರಿನಿಂದ ಒಂದು ಕೋಟಿಗಿಂತ ಕೆಳಗೆ ಇಳಿಯಿತು, ತಾವೇ ಒಪ್ಪಿ ಸಹಿ ಹಾಕಿದ್ದು. ಲೀಗಿನಲ್ಲಿ ಸಂಬಳಕ್ಕೆ ಒಟ್ಟು ಮಿತಿ ಇದೆ, ಒಬ್ಬರು ಬಿಟ್ಟದ್ದರಲ್ಲಿ ಇನ್ನಿಬ್ಬರು ಒಳ್ಳೆಯ ಆಟಗಾರರು ಬರುತ್ತಾರೆ. ಇದು ಉದಾತ್ತ. ಆದರೆ ಅದಾಗಲೇ ಕೋಟಿಗಟ್ಟಲೆ ಗಳಿಸಿದ 36 ವರ್ಷದವರಿಗೆ ಸಾಧ್ಯವಾದ ಉದಾತ್ತತೆ. ಇಪ್ಪತ್ತೈದರ ಹುಡುಗನಿಗೆ ಅದನ್ನು ಆದರ್ಶವೆಂದು ಬೋಧಿಸಿದರೆ ಲಾಭ ಮಾಲೀಕನಿಗೆ.

ಎರಡು, ಕವಾಯ್ ಲೆನರ್ಡ್. ಅದೇ ಮನೆಯಲ್ಲಿ ಬೆಳೆದ ಹುಡುಗ. 2017–18ರಲ್ಲಿ ತೊಡೆಯ ಗಾಯದಿಂದ ಬರೀ ಒಂಬತ್ತು ಪಂದ್ಯ ಆಡಿದರು. ತಂಡದ ವೈದ್ಯರು ಒಂದು ಹೇಳಿದರು, ಅವರ ಸ್ವಂತ ವೈದ್ಯರು ಇನ್ನೊಂದು. ಆಗ ಹಿರಿಯ ಪಾರ್ಕರ್ ಸಾರ್ವಜನಿಕವಾಗಿ "ನನಗಾದ ಗಾಯ ಇದಕ್ಕಿಂತ ನೂರು ಪಟ್ಟು ಕೆಟ್ಟದ್ದು" ಎಂಬರ್ಥದ ಮಾತಾಡಿದರು. ಹಂಚಿಕೊಂಡ ನಾಯಕತ್ವ ಎಂದರೆ ಇದೇ ಏನು? ಹಿರಿಯರ ಒತ್ತಡಕ್ಕೆ ಒಳ್ಳೆಯ ಹೆಸರಿಟ್ಟಂತಿದೆ. 2018ರ ಜುಲೈನಲ್ಲಿ ಲೆನರ್ಡ್ ಟೊರಾಂಟೊಗೆ ಹೋದರು, ಮರುವರ್ಷ ಅಲ್ಲಿ ಪ್ರಶಸ್ತಿ ಗೆದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮಲ್ಲೇಶ್ವರದ ಹಳೆಯ ಗಾರ್ಡ್ (ಶನಿವಾರ, ಬೆಳಗ್ಗೆ 11:20)

ಎರಡನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಪಾರ್ಕರ್ ಆ ಮಾತು ಆಡಬಾರದಿತ್ತು. ಮತ್ತೊಬ್ಬನ ಮೊಣಕಾಲು, ತೊಡೆ, ಬೆನ್ನು ಇವುಗಳ ಬಗ್ಗೆ ಜೊತೆ ಆಟಗಾರ ತೀರ್ಪು ಕೊಡಬಾರದು. ನನ್ನ ಕಾಲದಲ್ಲಿ ನಾನೂ ಒಬ್ಬ ಹುಡುಗನಿಗೆ "ನಾಟಕ ಮಾಡಬೇಡ" ಎಂದಿದ್ದೆ. ಮಾರನೆಯ ವಾರ ಎಕ್ಸ್‌ರೇಯಲ್ಲಿ ಪಾದದ ಮೂಳೆ ಬಿರುಕು ಬಿಟ್ಟದ್ದು ಕಂಡಿತು. ಇಂದಿಗೂ ಸಿಕ್ಕಾಗ ಅವನು ನಗುತ್ತಾನೆ, ನನಗೆ ನಗು ಬರುವುದಿಲ್ಲ.

ಆದರೆ ತಪ್ಪು ಹಂಚಿಕೊಳ್ಳುವುದನ್ನು ಯಾರೂ ಇನ್ನೂ ಎತ್ತಲಿಲ್ಲವಲ್ಲ. ಮಯಾಮಿ ವಿರುದ್ಧದ 2013ರ ಫೈನಲ್‌ನ ಆರನೇ ಪಂದ್ಯ ನೆನಪಿಸಿಕೊಳ್ಳಿ. 28 ಸೆಕೆಂಡು ಉಳಿದಿರುವಾಗ ಸ್ಪರ್ಸ್ ಐದು ಅಂಕ ಮುಂದೆ. ಕಪ್ ಒರೆಸಿ ಇಟ್ಟಾಗಿತ್ತು. ಕೊನೆಯ ಹೊತ್ತಿನಲ್ಲಿ ಜಿನೋಬಿಲಿ ಫೌಲ್‌ಗೆ ಸಿಗುವ ಒಂದು ಫ್ರೀ ಥ್ರೋ ತಪ್ಪಿಸಿದರು. ಲೆನರ್ಡ್ ಒಂದು ತಪ್ಪಿಸಿದರು. ಕೊನೆಯ ರಕ್ಷಣೆಗೆ ಕೋಚ್ ಡಂಕನ್ ಅವರನ್ನು ಬೆಂಚಿನಲ್ಲಿ ಕೂರಿಸಿದರು. ಮಯಾಮಿಯ ಲೆಬ್ರಾನ್ ಜೇಮ್ಸ್ ಎಸೆತ ತಪ್ಪಿತು, ಎತ್ತರದವರಿಲ್ಲದ ಬುಟ್ಟಿಯ ಬಳಿ ಬಾಶ್ ಪುಟಿದು ಬಂದ ಚೆಂಡನ್ನು (ರೀಬೌಂಡ್) ಹಿಡಿದು ಮೂಲೆಯಲ್ಲಿದ್ದ ರೇ ಆಲನ್‌ಗೆ ಕೊಟ್ಟರು. 5.2 ಸೆಕೆಂಡು ಉಳಿದಿದ್ದಾಗ ಮೂರು ಅಂಕ. ಹೆಚ್ಚುವರಿ ಅವಧಿಯಲ್ಲಿ 103–100, ಆಮೇಲೆ ಏಳನೇ ಪಂದ್ಯವೂ ಹೋಯಿತು.

ಇಲ್ಲಿ ಬೆರಳು ತೋರಿಸಲು ಕನಿಷ್ಠ ಮೂವರಿದ್ದರು. ಯಾರೂ ಯಾರತ್ತಲೂ ತೋರಿಸಲಿಲ್ಲ. ಮುಂದಿನ ಋತುವಿನ ಅಭ್ಯಾಸ ಶಿಬಿರದಲ್ಲಿ ಪೊಪೊವಿಚ್ ಆ ಸೋಲಿನ ದೃಶ್ಯಗಳನ್ನೇ ಎಲ್ಲರನ್ನೂ ಕೂರಿಸಿ ತೋರಿಸಿದರು. ಎಂಟು ತಿಂಗಳ ನಂತರ ಅದೇ ಎದುರಾಳಿ, ಅದೇ ಹಂತ. ಗೆದ್ದ ನಾಲ್ಕು ಪಂದ್ಯಗಳಲ್ಲೂ ಅಂತರ 15 ಅಂಕ ಅಥವಾ ಹೆಚ್ಚು.

ಹಂಚಿಕೊಳ್ಳುವುದು ಏನು ಎಂದು ಐದೂವರೆಯವರು ಕೇಳಿದ್ದರಲ್ಲ, ನನ್ನ ಲೆಕ್ಕದಲ್ಲಿ ಆ ಚಳಿಗಾಲವೇ ಅದು. ಚೆಂಡು ಹಂಚುವುದು ಅದಕ್ಕಿಂತ ಸುಲಭ.

ಧಾರವಾಡದ ಪಿ.ಇ. ಮೇಷ್ಟ್ರು (ಶನಿವಾರ, ಸಂಜೆ 5:45)

ತಡವಾಗಿ ಬಂದೆ. ಬೆಲ್ಜಿಯಂನಲ್ಲಿ ಕ್ಯಾಟ್ರಿಯನ್ ಫ್ರಾನ್ಸನ್ ಮತ್ತು ಜೊತೆಗಾರರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂಬತ್ತು ಆಟಗಳ ನಾಲ್ಕು ಸಾವಿರಕ್ಕೂ ಹೆಚ್ಚು ಆಟಗಾರರು ಮತ್ತು ಕೋಚ್‌ಗಳನ್ನು ಕೇಳಿದ್ದರು. ನಾಯಕತ್ವವನ್ನು ನಾಲ್ಕಾಗಿ ಸೀಳಿದರು: ಆಟದ ತಂತ್ರ ಹೇಳುವವನು, ಹುರುಪು ತುಂಬುವವನು, ಅಂಕಣದ ಹೊರಗೆ ಮನಸ್ಸು ಕೂಡಿಸುವವನು, ಹೊರಗಿನವರೆದುರು ತಂಡದ ಪರ ನಿಲ್ಲುವವನು. ಈ ನಾಲ್ಕರಲ್ಲೂ ತಮ್ಮ ನಾಯಕನೇ ಮೊದಲಿಗ ಎಂದವರು ಶೇಕಡಾ ಒಂದರಷ್ಟು ಮಾತ್ರ. ನಾಲ್ಕರಲ್ಲಿ ಒಂದರಲ್ಲೂ ಅಲ್ಲ ಎಂದವರು ಶೇಕಡಾ 40ಕ್ಕಿಂತ ಹೆಚ್ಚು!

ಇದಕ್ಕೆ ಸ್ಪರ್ಸ್‌ಗಿಂತ ಚೊಕ್ಕವಾದ ಉದಾಹರಣೆ 2008ರ ಬಾಸ್ಟನ್ ಸೆಲ್ಟಿಕ್ಸ್. ಹಿಂದಿನ ವರ್ಷ 24 ಗೆಲುವು. ಬೇಸಿಗೆಯಲ್ಲಿ ಕೆವಿನ್ ಗಾರ್ನೆಟ್, ರೇ ಆಲನ್ ಇಬ್ಬರನ್ನೂ ತಂದು ಪಾಲ್ ಪಿಯರ್ಸ್ ಪಕ್ಕ ನಿಲ್ಲಿಸಿದರು, 66 ಗೆಲುವು, ಪ್ರಶಸ್ತಿ. ಮೂವರೂ ತಮ್ಮತಮ್ಮ ಹಳೆಯ ತಂಡದಲ್ಲಿ ದೊರೆಗಳಾಗಿದ್ದವರು. ರಕ್ಷಣೆ ಮತ್ತು ಗಂಟಲು ಗಾರ್ನೆಟ್‌ರದ್ದು, ಬಿಕ್ಕಟ್ಟಿನಲ್ಲಿ ಚೆಂಡು ಪಿಯರ್ಸ್‌ರದ್ದು, ಎಲ್ಲರಿಗಿಂತ ಗಂಟೆಗಟ್ಟಲೆ ಮೊದಲೇ ಬಂದು ಎಸೆಯುವ ಶಿಸ್ತು ಆಲನ್‌ರದ್ದು. ಕೋಚ್ ಡಾಕ್ ರಿವರ್ಸ್ ಆಫ್ರಿಕಾದ "ಉಬುಂಟು" (ನೀವಿದ್ದರೆ ನಾನು ಎಂಬರ್ಥ) ಎಂಬ ಪದ ತಂದರು. ಗುಂಪು ಚದುರುವಾಗ ಅದನ್ನೇ ಕೂಗುತ್ತಿದ್ದರು.

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಮರುಋತುವಿನ ಪಂದ್ಯಗಳಲ್ಲಿ ಆಟಗಾರರು ಒಬ್ಬರನ್ನೊಬ್ಬರು ಎಷ್ಟು ಸಲ ಮುಟ್ಟುತ್ತಾರೆ ಎಂದು ಎಣಿಸಿದರು. ಕೈ ತಟ್ಟುವುದು, ಬೆನ್ನು ಸವರುವುದು, ಇಂಥವು. ಹೆಚ್ಚು ಮುಟ್ಟುವ ತಂಡಗಳು ಹೆಚ್ಚು ಚೆನ್ನಾಗಿ ಆಡಿದವು. ಗಾರ್ನೆಟ್ ಆ ಪಟ್ಟಿಯ ಮೇಲ್ತುದಿಯಲ್ಲಿದ್ದರು. ನನ್ನ ಶಾಲೆಯಲ್ಲಿ ಇದನ್ನು ಪ್ರಯೋಗಿಸಿದೆ, ಮಕ್ಕಳು ಎರಡೇ ದಿನದಲ್ಲಿ ಬೆನ್ನಿಗೆ ಗುದ್ದುವುದನ್ನು ಕಲಿತರು.

ಸಂಶಯಪ್ರಾಣಿ (ಶನಿವಾರ, ಸಂಜೆ 6:10)

ಮೇಷ್ಟ್ರೇ, ಆ ಉಬುಂಟು ಮೂರ್ತಿಗಳಲ್ಲಿ ರೇ ಆಲನ್ 2012ರಲ್ಲಿ ಎದುರಾಳಿ ಮಯಾಮಿಗೆ ಹೋದರು. ಗಾರ್ನೆಟ್ ವರ್ಷಗಟ್ಟಲೆ ಮಾತು ಬಿಟ್ಟರು. ಗಾರ್ಡ್ ಅವರು ಬರೆದ ಆ 5.2 ಸೆಕೆಂಡಿನ ಎಸೆತ ಇದೇ ಆಲನ್‌ರದ್ದು.

ಡಾಲಸ್ ಕನ್ನಡತಿ (ಶನಿವಾರ, ಸಂಜೆ 6:31)

ಪೂರ್ತಿ ಹೇಳಿ. 2022ರ ಮಾರ್ಚಿನಲ್ಲಿ ಬಾಸ್ಟನ್ ತಂಡ ಗೌರವಾರ್ಥವಾಗಿ ಗಾರ್ನೆಟ್ ಅವರ ಅಂಗಿಯನ್ನು ಚಾವಣಿಗೆ ಏರಿಸಿದಾಗ ಆಲನ್ ಬಂದಿದ್ದರು. ಅಂಕಣದಲ್ಲೇ ಅಪ್ಪಿಕೊಂಡರು. ಹತ್ತು ವರ್ಷ ಬೇಕಾಯಿತು, ನಿಜ.

ಬೆಳಗಿನ ಐದೂವರೆ (ಶನಿವಾರ, ರಾತ್ರಿ 8:00)

ಇನ್ನೊಂದು ಪ್ರಸಂಗದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕು. 2018ರ ಫೆಬ್ರುವರಿ 12, ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧ ಫೀನಿಕ್ಸ್ ಸನ್ಸ್. ಹಿಂದೆ ಸ್ಪರ್ಸ್ ತಂಡದಲ್ಲಿ ಪೊಪೊವಿಚ್ ಕೈಕೆಳಗೆ ಆಡಿದ್ದ ಕೋಚ್ ಸ್ಟೀವ್ ಕರ್ ಟೈಮ್‌ಔಟ್‌ಗಳಲ್ಲಿ ಆಟದ ಯೋಜನೆ ಬರೆಯುವ ತಮ್ಮ ಹಲಗೆಯನ್ನು ಆಟಗಾರರ ಕೈಗೇ ಕೊಟ್ಟುಬಿಟ್ಟರು. ಆಂಡ್ರೆ ಇಗುಡಾಲ, ಡ್ರೇಮಂಡ್ ಗ್ರೀನ್, ಡೇವಿಡ್ ವೆಸ್ಟ್ ಚಿತ್ರ ಬರೆದು ವಿವರಿಸಿದರು. 129–83. ಸನ್ಸ್ ಕಡೆಯವರು ಇದು ನಮಗೆ ಅವಮಾನ ಎಂದರು. ಕರ್, ಆಟಗಾರರು ನನ್ನ ಮಾತಿಗೆ ಕಿವಿಗೊಡುತ್ತಿರಲಿಲ್ಲ, ತಂಡ ಅವರದ್ದೇ ಎಂಬಂತೆ ಉತ್ತರಿಸಿದರು.

ಅಂಕಿಲೆಕ್ಕ (ಶನಿವಾರ, ರಾತ್ರಿ 8:14)

46 ಅಂಕದಿಂದ ಗೆಲ್ಲುವ ಪಂದ್ಯದಲ್ಲಿ ಹಲಗೆಯನ್ನು ಪ್ರೇಕ್ಷಕರಿಗೆ ಕೊಟ್ಟರೂ ನಡೆಯುತ್ತದೆ.

ಮಲ್ಲೇಶ್ವರದ ಹಳೆಯ ಗಾರ್ಡ್ (ಶನಿವಾರ, ರಾತ್ರಿ 8:40)

ಹಲಗೆ ಹಿಡಿದವರು ಯಾರು ನೋಡಿ. ತಂಡದ ದೊಡ್ಡ ತಾರೆಗಳಲ್ಲ: ಸ್ಟೆಫ್ ಕರಿಯಲ್ಲ, ಕೆವಿನ್ ಡ್ಯುರಾಂಟ್ ಅಲ್ಲ. ಇಗುಡಾಲ 2014ರವರೆಗೆ ತಮ್ಮ ಎನ್‌ಬಿಎ ಜೀವನದ ಪ್ರತಿಯೊಂದು ಪಂದ್ಯವನ್ನೂ ಮೊದಲ ಐವರಲ್ಲೇ ಆರಂಭಿಸಿದ್ದವರು. ಕರ್ ಬಂದ ಮೇಲೆ ಬೆಂಚಿಗೆ ಒಪ್ಪಿದರು. 2015ರ ಫೈನಲ್‌ನ ನಾಲ್ಕನೇ ಪಂದ್ಯದಲ್ಲಿ ಮತ್ತೆ ಮೊದಲ ಐವರಿಗೆ ಬಂದು ಸರಣಿಶ್ರೇಷ್ಠರಾದರು. ಅಂಥವರ ಕೈಗೆ ಹಲಗೆ ಕೊಟ್ಟರೆ ಉಳಿದವರು ಕೇಳುತ್ತಾರೆ.

ನಾಳೆ ಬೆಳಗ್ಗೆ ನಮ್ಮ ಹದಿನಾಲ್ಕು ವರ್ಷದೊಳಗಿನವರಿಗೆ ಪಂದ್ಯ ಇದೆ. ಒಂದು ಟೈಮ್‌ಔಟ್‌ನಲ್ಲಿ ಹಲಗೆ ಅವರಿಗೇ ಕೊಟ್ಟು ನೋಡುತ್ತೇನೆ.

ಸಂಶಯಪ್ರಾಣಿ (ಭಾನುವಾರ, ಮಧ್ಯಾಹ್ನ 12:20)

ಗಾರ್ಡ್ ಅವರೇ, ಏನಾಯಿತು?

ಮಲ್ಲೇಶ್ವರದ ಹಳೆಯ ಗಾರ್ಡ್ (ಭಾನುವಾರ, ಮಧ್ಯಾಹ್ನ 1:05)

ಐವರೂ ಬರೆದರು. ಐದು ಚಿತ್ರಗಳಲ್ಲೂ ಕೊನೆಯ ಎಸೆತ ಬರೆದವನದ್ದೇ. ಆರನೆಯ ಹುಡುಗ, ಬೆಂಚಿನಲ್ಲಿದ್ದವನು, ಬಟ್ಟೆಯಿಂದ ಹಲಗೆ ಒರೆಸಿ "ಸರ್, ಟೈಮ್ ಆಯಿತು" ಎಂದ. ಎಂಟು ಅಂಕದಿಂದ ಸೋತೆವು. ಮುಂದಿನ ಭಾನುವಾರ ಹಲಗೆ ಅವನಿಗೆ ಕೊಡುತ್ತಿದ್ದೇನೆ.